ವಸಡಿನ ರಕ್ತಕ್ಕೆ ಮಾಯಕೊಂಡದಲ್ಲಿ ಯಾರು ಹೊಣೆ?

ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರಿಗೆ ಬರವಿಲ್ಲ. ಬಾಪೂಜಿ ದಂತ ವೈದ್ಯಕೀಯ ಕಾಲೇಜು ಶುರುವಾದದ್ದು 1979ರಲ್ಲಿ. ತೊಂಬತ್ತರ ದಶಕದ ಆರಂಭಕ್ಕೆ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಕೂಡ ಬಂತು. 1997ರಲ್ಲಿ ಜಿಲ್ಲಾ ಕೇಂದ್ರವಾಗುವ ಮುಂಚೆಯೇ ಇದು ಎರಡು ದಂತ ಕಾಲೇಜುಗಳ ಊರಾಗಿತ್ತು. ಪಿ.ಜೆ. ಬಡಾವಣೆಯಲ್ಲೋ ಎಂಸಿಸಿ ಬ್ಲಾಕಿನಲ್ಲೋ ಒಂದು ಸುತ್ತು ಹಾಕಿದರೆ ಬೆಣ್ಣೆದೋಸೆ ಹೋಟೆಲುಗಳ ಬೋರ್ಡಿಗೆ ಪೈಪೋಟಿ ಕೊಡುವಷ್ಟು ಡೆಂಟಲ್ ಕ್ಲಿನಿಕ್ಕುಗಳ ಬೋರ್ಡುಗಳು ಕಾಣುತ್ತವೆ. ಮಾಯಕೊಂಡ ಇದೇ ತಾಲ್ಲೂಕಿನ ಹೋಬಳಿ ಕೇಂದ್ರ. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದ ಮೇಲಿದೆ, ವಿಧಾನಸಭಾ ಕ್ಷೇತ್ರವೊಂದಕ್ಕೆ ತನ್ನ ಹೆಸರನ್ನೇ ಕೊಟ್ಟಿದೆ. ಚಿತ್ರದುರ್ಗದ ಹಿರೇ ಮದಕರಿನಾಯಕ 1748ರಲ್ಲಿ ಮಡಿದದ್ದು ಇಲ್ಲಿನ ಕಾಳಗದಲ್ಲೇ ಎಂಬುದನ್ನು ಇತಿಹಾಸ ಬಲ್ಲವರು ನೆನಪಿಸುತ್ತಾರೆ. ಈ ಭಾಗದ ಹಳ್ಳಿಗಳಿಂದ ಹಲ್ಲಿಗಾಗಿ ದಾವಣಗೆರೆ ಬಸ್ಸು ಹತ್ತುವುದು ಮಾತ್ರ ಸಾಮಾನ್ಯವಾಗಿ ಒಂದೇ ಸಂದರ್ಭದಲ್ಲಿ, ರಾತ್ರಿಯಿಡೀ ನಿದ್ದೆ ಕೆಡಿಸಿದ ಹಲ್ಲನ್ನು ಬೆಳಗ್ಗೆ ಕೀಳಿಸಿಕೊಂಡು ಬರುವುದಕ್ಕೆ.

ವಸಡಿನಲ್ಲಿ ರಕ್ತ ಬಂತೆಂದು ಯಾರೂ ಒಂದು ದಿನದ ಕೂಲಿ ಬಿಟ್ಟು ಹೋಗುವುದಿಲ್ಲ. ನೋವಿಲ್ಲದ ರಕ್ತಕ್ಕೆ ಯಾರು ಹೆದರುತ್ತಾರೆ? ಬೇವಿನ ಕಡ್ಡಿ ಚುಚ್ಚಿರಬೇಕು, ಮೈಯಲ್ಲಿ ಉಷ್ಣ ಹೆಚ್ಚಾಗಿರಬೇಕು ಅಂದುಕೊಂಡು ಉಪ್ಪುನೀರು ಮುಕ್ಕಳಿಸಿದರೆ ಮುಗಿಯಿತು. ಕಾಲೇಜಿನವರು ಹಳ್ಳಿಗಳಲ್ಲಿ ಶಿಬಿರ ಮಾಡುವುದಿಲ್ಲವೆಂದಲ್ಲ, ಮಾಡುತ್ತಾರೆ. ಶಾಲೆಯ ವರಾಂಡದಲ್ಲಿ ಸಾಲಾಗಿ ನಿಲ್ಲಿಸಿ ಬಾಯಿ ನೋಡಿ, ಬ್ರಷ್ ಹಿಡಿಯುವುದನ್ನು ತೋರಿಸಿ, ಚೀಟಿ ಬರೆದುಕೊಟ್ಟು ಸಂಜೆಗೆ ವ್ಯಾನು ಹತ್ತುತ್ತಾರೆ. ಹಲ್ಲಿನ ಬುಡದಲ್ಲಿ ವರ್ಷಗಟ್ಟಲೆ ನಡೆಯುವ ಕಾಯಿಲೆಗೆ ವರ್ಷಕ್ಕೊಂದು ಮಧ್ಯಾಹ್ನ ಸಾಲುವುದಿಲ್ಲ.

ಸರ್ಕಾರದ ಕಣ್ಣಿಗೆ ಬಾಯಿ ಬೀಳುವುದು ಇನ್ನೂ ತಡವಾಗಿ. ಕರ್ನಾಟಕದ ದಂತಭಾಗ್ಯ ಯೋಜನೆ ಬಡ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಕೃತಕ ದಂತಪಂಕ್ತಿ ಕೊಡಿಸಿತು. ಒಳ್ಳೆಯ ಕೆಲಸವೇ. ರೊಟ್ಟಿ ಅಗಿಯಲಾರದ ಮುದುಕರಿಗೆ ಅದರ ಬೆಲೆ ಗೊತ್ತು. ಆದರೆ ಹಲ್ಲೆಲ್ಲ ಉದುರಿದ ಮೇಲೆ ಕೈ ಚಾಚುವ ಸರ್ಕಾರ ಅವು ಸಡಿಲವಾಗುತ್ತಿದ್ದ ಹತ್ತಿಪ್ಪತ್ತು ವರ್ಷ ಎಲ್ಲಿತ್ತು ಎಂದು ಕೇಳಲೇಬೇಕಾಗುತ್ತದೆ. ಆ ವರ್ಷಗಳಲ್ಲಿ ಬೇಕಿದ್ದದ್ದು ದೊಡ್ಡ ತಜ್ಞರಲ್ಲ. ನೋವು ಶುರುವಾಗುವ ಮುಂಚೆ ಬಾಯಿ ನೋಡುವುದನ್ನೇ ಕಸುಬಾಗಿ ಕಲಿತ, ತಿಂಗಳ ಸಂಬಳದ ಮೇಲೆ ಊರಿನ ಆಸ್ಪತ್ರೆಯಲ್ಲಿ ಕೂರುವ ಒಬ್ಬರು. ಅಂಥ ಕಸುಬು ನೂರು ವರ್ಷಕ್ಕೂ ಹಿಂದೆಯೇ ಹುಟ್ಟಿದೆ. ಡೆಂಟಲ್ ಹೈಜೀನಿಸ್ಟ್ ಎಂದು ಅದರ ಹೆಸರು. ನಮ್ಮ ಕಾನೂನಿನಲ್ಲಿ ಅದಕ್ಕೆ 1948ರಿಂದಲೂ ಜಾಗವಿದೆ, ಹೋಬಳಿ ಆಸ್ಪತ್ರೆಯಲ್ಲಿ ಮಾತ್ರ ಇಲ್ಲ.

ಅಮೆರಿಕದ ಬ್ರಿಜ್‌ಪೋರ್ಟ್ ಎಂಬ ಕೈಗಾರಿಕಾ ಊರಿನ ದಂತ ವೈದ್ಯ ಆಲ್‌ಫ್ರೆಡ್ ಫೋನ್ಸ್ 1906ರಲ್ಲಿ ತನ್ನ ಸಹಾಯಕಿ ಐರೀನ್ ನ್ಯೂಮನ್‌ಗೆ ರೋಗಿಗಳ ಹಲ್ಲಿನ ಕಿಟ್ಟ ತೆಗೆಯುವುದನ್ನು ಕಲಿಸಿದ. 1913ರಲ್ಲಿ ಅದಕ್ಕಾಗಿ ಒಂದು ಶಾಲೆಯನ್ನೇ ತೆರೆದ. ಅಲ್ಲಿ ಕಲಿತ ಹೆಣ್ಣುಮಕ್ಕಳು ಕ್ಲಿನಿಕ್ಕಿಗಿಂತ ಮೊದಲು ಹೋದದ್ದು ಊರಿನ ಸರ್ಕಾರಿ ಶಾಲೆಗಳಿಗೆ ಎಂಬುದು ಗಮನಿಸಬೇಕಾದ ಸಂಗತಿ. 1921ರಲ್ಲಿ ನ್ಯೂಜಿಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶಾಲಾ ಮಕ್ಕಳ ಹುಳುಕು ತುಂಬುವ ಕೆಲಸವನ್ನೂ ವೈದ್ಯರಲ್ಲದ ದಂತ ನರ್ಸುಗಳಿಗೆ ಕಲಿಸಿತು. ಈ ಕಸುಬು ಹುಟ್ಟಿದ್ದೇ ಸಮುದಾಯದ ನಡುವೆ. ಕುರ್ಚಿಯ ಪಕ್ಕ ನಿಂತು ಹಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಅದು ಇಳಿದದ್ದು ಆಮೇಲೆ.

ಭಾರತದಲ್ಲಿ ಅದು ಹುಟ್ಟುವಾಗಲೇ ಕುರ್ಚಿಯ ಪಕ್ಕ ಹುಟ್ಟಿತು. 1948ರ ದಂತ ವೈದ್ಯರ ಕಾಯ್ದೆಯ ಪ್ರಕಾರ ಹೈಜೀನಿಸ್ಟ್ ಅಂದರೆ ಹಲ್ಲಿನ ಕಿಟ್ಟ ತೆಗೆಯುವ, ಶುಚಿ ಮಾಡುವ, ಪಾಲಿಶ್ ಮಾಡುವ ಅಥವಾ ದಂತ ನೈರ್ಮಲ್ಯದ ತಿಳಿವಳಿಕೆ ಕೊಡುವ, ವೈದ್ಯರಲ್ಲದ ವ್ಯಕ್ತಿ. ಪಿಯುಸಿ ಆದ ಮೇಲೆ ಎರಡು ವರ್ಷದ ಡಿಪ್ಲೊಮಾ, ಬಳಿಕ ದಂತ ವೈದ್ಯರ ಕೈಕೆಳಗೆ ಕೆಲಸ. ದೇಶದಲ್ಲಿ ನೋಂದಾಯಿತ ದಂತ ವೈದ್ಯರು ಎರಡೂವರೆ ಲಕ್ಷಕ್ಕೂ ಹೆಚ್ಚು, ಹೈಜೀನಿಸ್ಟರು ಕೆಲವೇ ಸಾವಿರ. ಅಮೆರಿಕದಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿ, ಎರಡೆರಡು ಲಕ್ಷದ ಆಸುಪಾಸಿನಲ್ಲಿದ್ದಾರೆ.

ಇಷ್ಟಕ್ಕೂ ವಸಡಿಗೆ ಇಷ್ಟು ಮಹತ್ವ ಯಾಕೆ? ಹಲ್ಲಿನ ಬುಡದಲ್ಲಿ ದಿನವೂ ಕೂರುವ ಪಾಚಿ ಸೂಕ್ಷ್ಮಾಣುಗಳ ಒಂದು ಪದರ. ಉಜ್ಜಿ ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಲವಣಗಳಿಂದ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳ. ಆರೋಗ್ಯವಂತ ವಸಡಿನ ಹನ್ನೆರಡು ಜನ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜತೊಡಗಿದಾಗ ಕೆಲವೇ ದಿನಗಳಲ್ಲಿ ಸರಿಹೋಯಿತು. ಈ ಹಂತದಲ್ಲಿ ಕಾಯಿಲೆ ಹಿಂದಕ್ಕೆ ಹೋಗುತ್ತದೆ. ಹಾಗೇ ಬಿಟ್ಟರೆ ಕೆಲವರಲ್ಲಿ ವಸಡು ಹಲ್ಲಿನಿಂದ ಬಿಟ್ಟುಕೊಂಡು ಸಂದಿಯಾಗುತ್ತದೆ, ಒಳಗೆ ಕೀವು ತುಂಬಿ ಹಲ್ಲು ಹಿಡಿದ ಮೂಳೆ ಸವೆಯುತ್ತದೆ. ಆ ಮೂಳೆ ಮರಳಿ ಬರುವುದು ಕಷ್ಟ. ಪ್ರತಿ ಹಲ್ಲಿನ ಸುತ್ತಲೂ ಅಂಥ ಸಂದಿಯಿದ್ದರೆ ಅದು ಮೈಯೊಳಗೆ ಯಾವಾಗಲೂ ತೆರೆದೇ ಇರುವ ಹುಣ್ಣು. ಅಲ್ಲಿನ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರಿ ಇನ್ಸುಲಿನ್ ಕೆಲಸಕ್ಕೆ ಅಡ್ಡಗಾಲು ಹಾಕುತ್ತವೆ. ಸಕ್ಕರೆ ಹೆಚ್ಚಾದಾಗ ಸೋಂಕಿನ ವಿರುದ್ಧ ಹೋರಾಡುವ ಬಿಳಿರಕ್ತಕಣಗಳು ಸೋತು, ವಸಡು ಇನ್ನಷ್ಟು ಕೆಡುತ್ತದೆ. ಒಂದು ಇನ್ನೊಂದನ್ನು ಸಾಕುವ ಚಕ್ರ ಇದು. ಅದೇ ಲೋ 1993ರಲ್ಲಿ ವಸಡಿನ ಕಾಯಿಲೆಯನ್ನು ಮಧುಮೇಹದ ಆರನೇ ತೊಡಕು ಎಂದು ಕರೆದರು. ಕಣ್ಣು, ಮೂತ್ರಪಿಂಡ, ನರಗಳ ಸಾಲಿಗೆ ಬಾಯಿಯೂ ಸೇರಿತು.

ಚಕ್ರವನ್ನು ಹಲ್ಲಿನ ಕಡೆಯಿಂದ ಮುರಿದರೆ ಏನಾಗುತ್ತದೆ ಎನ್ನುವುದಕ್ಕೂ ಈಗ ಉತ್ತರವಿದೆ. 35 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ ಕೊಕ್ರೇನ್ ಸಂಸ್ಥೆಯ 2022ರ ಪರಿಶೀಲನೆಯ ಪ್ರಕಾರ, ಮಧುಮೇಹಿಗಳ ವಸಡಿನ ಆಳದ ಕಿಟ್ಟ ತೆಗೆದು ಚಿಕಿತ್ಸೆ ಕೊಟ್ಟರೆ ಮೂರ್ನಾಲ್ಕು ತಿಂಗಳಲ್ಲಿ, ರಕ್ತದ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಸರಾಸರಿ 0.43 ಶೇಕಡಾ ಅಂಶದಷ್ಟು ಇಳಿಯುತ್ತದೆ. ವರ್ಷದ ಕೊನೆಗೂ ಅರ್ಧ ಶೇಕಡಾ ಅಂಶದಷ್ಟು ಇಳಿತ ಕಂಡ ಪ್ರಯೋಗವಿದೆ. ಎಂಟೂವರೆ ಇದ್ದದ್ದು ಎಂಟಕ್ಕೆ ಬರುವುದು ಪವಾಡವಲ್ಲ. ಆದರೆ ಮಾತ್ರೆಗೆ ಮಾತ್ರೆ ಸೇರಿಸುತ್ತ ಹೋಗುವ ರೋಗಿಗೆ, ಮಾತ್ರೆಯಿಲ್ಲದೆ ಸಿಗುವ ಅಷ್ಟು ಇಳಿತ ಸಣ್ಣದೂ ಅಲ್ಲ. ಐಸಿಎಂಆರ್ ಬೆಂಬಲಿತ ಸಮೀಕ್ಷೆ 2023ರಲ್ಲಿ ದೇಶದ ಮಧುಮೇಹಿಗಳನ್ನು ಹತ್ತು ಕೋಟಿಗೂ ಹೆಚ್ಚು ಎಂದು ಅಂದಾಜಿಸಿತು. ಅಸಾಂಕ್ರಾಮಿಕ ರೋಗಗಳಿಗೆಂದೇ ಇರುವ, ಬೆರಳು ಚುಚ್ಚಿ ಸಕ್ಕರೆ ನೋಡುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಅವರ ತೂಕ ನೋಡುತ್ತಾರೆ, ಬಿಪಿ ನೋಡುತ್ತಾರೆ. ಬಾಯಿ ತೆರೆಸಿ ವಸಡು ನೋಡುವುದು ಮಾತ್ರ ಯಾರ ಕೆಲಸವೂ ಅಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಾಯಿಯೇ ದೇಹದ ಬಾಗಿಲು, ಹಲ್ಲು ಸರಿಯಿದ್ದರೆ ಹೃದಯವೂ ಸರಿ ಎಂಬ ಜಾಹೀರಾತಿನ ಧಾಟಿ ಈಗ ಎಲ್ಲೆಡೆ ಕೇಳುತ್ತದೆ. ಪುರಾವೆ ಅಷ್ಟು ಉದಾರವಾಗಿಲ್ಲ. ಗರ್ಭಿಣಿಯರ ವಸಡಿನ ಕಾಯಿಲೆಗೂ ಅವಧಿಪೂರ್ವ ಹೆರಿಗೆಗೂ ನಂಟಿದೆ ಎಂದು 1996ರಿಂದ ಅಧ್ಯಯನಗಳು ಬಂದವು. ಆದರೆ ಅಮೆರಿಕದಲ್ಲಿ 823 ಗರ್ಭಿಣಿಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಸಿರಿನಲ್ಲಿ ವಸಡಿಗೆ ಚಿಕಿತ್ಸೆ ಪಡೆದವರಲ್ಲಿ ಅವಧಿಪೂರ್ವ ಹೆರಿಗೆ ಕಡಿಮೆಯಾಗಲಿಲ್ಲ. ಚಿಕಿತ್ಸೆಯಿಂದ ಕೆಡುಕೇನೂ ಆಗಲಿಲ್ಲ, ವಸಡು ಸುಧಾರಿಸಿತು, ಅಷ್ಟೇ. ಹೃದಯಾಘಾತದ ವಿಷಯದಲ್ಲೂ ವಸಡಿನೊಂದಿಗೆ ನಂಟು ಕಾಣುತ್ತದೆ, ಆದರೆ ವಸಡು ಸರಿಮಾಡಿ ಹೃದಯಾಘಾತ ತಡೆದ ದೊಡ್ಡ ಪ್ರಯೋಗವಿಲ್ಲ. ಹೈಜೀನಿಸ್ಟರ ಪರ ವಾದಿಸುವವರು ಇದನ್ನು ಮುಚ್ಚಿಟ್ಟರೆ ನಾಳೆ ಅವರ ನಿಜವಾದ ಮಾತನ್ನೂ ಯಾರೂ ನಂಬುವುದಿಲ್ಲ.

ಇನ್ನೊಂದು ಪ್ರಯೋಗ ಈ ಕಸುಬಿನ ಬುಡಕ್ಕೇ ಕೈ ಹಾಕುತ್ತದೆ. ಸ್ಕಾಟ್ಲೆಂಡ್ ಮತ್ತು ಈಶಾನ್ಯ ಇಂಗ್ಲೆಂಡಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಐಕ್ವಾಡ್ ಅಧ್ಯಯನದಲ್ಲಿ, ಕ್ಲಿನಿಕ್ಕಿಗೆ ಆಗಾಗ ಬರುತ್ತಿದ್ದ, ವಸಡು ತೀವ್ರವಾಗಿ ಕೆಟ್ಟಿರದ ವಯಸ್ಕರನ್ನು ಮೂರು ಗುಂಪು ಮಾಡಿದರು. ಆರು ತಿಂಗಳಿಗೊಮ್ಮೆ ಕ್ಲೀನಿಂಗ್ ಮಾಡಿಸಿಕೊಂಡವರು, ವರ್ಷಕ್ಕೊಮ್ಮೆ ಮಾಡಿಸಿಕೊಂಡವರು, ಮಾಡಿಸಿಕೊಳ್ಳದೇ ಇದ್ದವರು. ಮೂರು ವರ್ಷದ ಬಳಿಕ ಮೂವರ ವಸಡಿನಲ್ಲೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಆರೋಗ್ಯವಂತರ ಹಲ್ಲನ್ನು ಮತ್ತೆ ಮತ್ತೆ ಹೊಳಪಿಸುವುದು ಬಹುಮಟ್ಟಿಗೆ ವ್ಯಾಪಾರ ಎಂದ ಹಾಗಾಯಿತು. ಹಾಗಿದ್ದರೆ ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನಲ್ಲಿ 1972ರಿಂದ ಮೂವತ್ತು ವರ್ಷ ನಡೆದ ಅಧ್ಯಯನದಲ್ಲಿ, ಹೈಜೀನಿಸ್ಟರ ನಿಗಾದಲ್ಲಿದ್ದವರು ಸರಾಸರಿ ಒಂದೆರಡು ಹಲ್ಲನ್ನೂ ಕಳೆದುಕೊಳ್ಳದೆ ಉಳಿದದ್ದು ಹೇಗೆ? ಅಲ್ಲಿ ನಡೆದದ್ದು ಪಾಲಿಶ್ ಮಾತ್ರ ಆಗಿರಲಿಲ್ಲ. ಪ್ರತಿಯೊಬ್ಬರ ಬಾಯಲ್ಲಿ ಪಾಚಿ ಎಲ್ಲಿ ಉಳಿಯುತ್ತದೆ ಎಂದು ಅವರಿಗೇ ತೋರಿಸಿ, ಸಂದಿ ಶುಚಿ ಮಾಡುವುದನ್ನು ಕೈಹಿಡಿದು ಕಲಿಸಿ, ಕಾಯಿಲೆಯ ಅಪಾಯ ಹೆಚ್ಚಿದ್ದವರನ್ನು ಬೇಗ ಬೇಗ ಕರೆಸಿ ನೋಡುತ್ತಿದ್ದರು. ಮಾಯಕೊಂಡಕ್ಕೆ ಬೇಕಾದದ್ದು ಈ ಎರಡನೆಯ ಬಗೆಯ ಹೈಜೀನಿಸ್ಟ್. ಬಂದವರೆಲ್ಲರ ಹಲ್ಲು ಬೆಳ್ಳಗೆ ಮಾಡುವವರು ಪಿ.ಜೆ. ಬಡಾವಣೆಯಲ್ಲೇ ಸಿಗುತ್ತಾರೆ.

ಈ ಸೀಮೆಯಲ್ಲಿ ಅವರ ಮೊದಲ ಕೆಲಸ ಬಹುಶಃ ವಸಡಿನದೂ ಆಗಿರಲಿಕ್ಕಿಲ್ಲ, ಅಡಿಕೆಯದು. ಪಕ್ಕದ ಚನ್ನಗಿರಿ ತಾಲ್ಲೂಕು ಅಡಿಕೆಯ ತವರು. ಅಡಿಕೆಯ ಧಾರಣೆ ಏರಿದ ದಿನ ಸಂತೆಯ ಮುಖವೇ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎರಡು ದಶಕದ ಹಿಂದೆಯೇ ತಂಬಾಕು ಬೆರೆಯದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆ ಬೆಳೆಗಾರರ ಮತ ಬೇಕಾದ ಯಾವ ರಾಜಕಾರಣಿಯೂ ಈ ಮಾತನ್ನು ವೇದಿಕೆಯ ಮೇಲೆ ಹೇಳಲಾರ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಕಂಪನಿಗಳು ಪಾನ್ ಮಸಾಲೆಯನ್ನು ಒಂದು ಚೀಟಿನಲ್ಲಿ, ತಂಬಾಕನ್ನು ಇನ್ನೊಂದು ಚೀಟಿನಲ್ಲಿ ಮಾರತೊಡಗಿದವು, ಗಿರಾಕಿ ಅಂಗೈಯಲ್ಲಿ ಬೆರೆಸಿಕೊಂಡ. ಹೀಗೆ ಅಗಿಯುವವರಲ್ಲಿ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆಯ ಮೊದಲ ಸೂಚನೆ ಖಾರ ತಿಂದರೆ ಬಾಯಿ ಉರಿಯುವುದು. ಮಂಡಕ್ಕಿ–ಮೆಣಸಿನಕಾಯಿಯ ಊರಲ್ಲಿ ಸಂಜೆಯ ತಿಂಡಿ ಬಿಟ್ಟುಬಿಟ್ಟ ಹುಡುಗನನ್ನು ಅಸಿಡಿಟಿ ಎಂದು ಸುಮ್ಮನಾಗಿಸುವುದು ಸುಲಭ. ಆಮೇಲೆ ಕೆನ್ನೆಯ ಒಳಪದರ ಬೆಳ್ಳಗಾಗಿ ಬಿಗಿಯುತ್ತದೆ, ಬಾಯಿ ಮೂರು ಬೆರಳಗಲ ತೆರೆಯುತ್ತಿದ್ದದ್ದು ಒಂದೂವರೆಗೆ ಬರುತ್ತದೆ. ಇಂಥವರಲ್ಲಿ ಒಂದಷ್ಟು ಜನರಿಗೆ ಕ್ಯಾನ್ಸರ್ ಬರುತ್ತದೆ.

ಇದನ್ನು ಗುರುತಿಸಲು ಸರ್ಜನ್ ಬೇಕೇ? ತಿರುವನಂತಪುರ ಜಿಲ್ಲೆಯ ಹದಿಮೂರು ಪಂಚಾಯಿತಿಗಳಲ್ಲಿ 1996ರಲ್ಲಿ ಶುರುವಾದ ಪ್ರಯೋಗ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಅಲ್ಲಿ ಮನೆಮನೆಗೆ ಹೋಗಿ ಬಾಯಿ ನೋಡಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಪದವೀಧರರು. ಟಾರ್ಚು, ಕನ್ನಡಿ, ಎರಡು ಕಣ್ಣು. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಚಟವಿಲ್ಲದವರಲ್ಲಿ ಅಂಥ ಲಾಭ ಕಾಣಲಿಲ್ಲ. ಎಲ್ಲರನ್ನೂ ನೋಡುತ್ತ ಕೂರುವುದಕ್ಕಿಂತ ಯಾರನ್ನು ನೋಡಬೇಕೆಂದು ಆರಿಸುವುದು ಇಲ್ಲೂ ಮುಖ್ಯವಾಯಿತು.

ಕರ್ನಾಟಕ ಈ ದಿಕ್ಕಿನಲ್ಲಿ ಅರ್ಧ ದಾರಿ ನಡೆದಿದೆ ಎನ್ನಬಹುದು. ಕೋಲಾರದಲ್ಲಿ ಮೊದಲು ಆರಂಭಿಸಿ ಬೇರೆ ಜಿಲ್ಲೆಗಳಿಗೆ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಮೂವತ್ತು ದಾಟಿದವರ ಮನೆಗೇ ಹೋಗಿ ಮಧುಮೇಹ, ರಕ್ತದೊತ್ತಡ, ಬಾಯಿ ಕ್ಯಾನ್ಸರ್ ಮುಂತಾದವುಗಳ ತಪಾಸಣೆ ನಡೆಯುತ್ತದೆ. ಆಶಾ ಕಾರ್ಯಕರ್ತೆ ತುಂಬುವ ಫಾರಂನಲ್ಲಿ ಬಾಯಿ ತೆರೆಯಲು ಕಷ್ಟವೇ, ಎರಡು ವಾರವಾದರೂ ವಾಸಿಯಾಗದ ಹುಣ್ಣಿದೆಯೇ ಎಂಬ ಪ್ರಶ್ನೆಗಳಿವೆ. ಹೌದು ಎಂದವರನ್ನು ಎಲ್ಲಿಗೆ ಕಳಿಸಬೇಕು? ಹರಿಹರದಂಥ ತಾಲ್ಲೂಕು ಕೇಂದ್ರದ ಆಸ್ಪತ್ರೆಗೆ, ಇಲ್ಲವೇ ದಾವಣಗೆರೆಗೆ. ಕಳಿಸಿದವರೆಲ್ಲ ಹೋಗುವುದಿಲ್ಲ ಎಂದು ಆಶಾಗಳಿಗೇ ಗೊತ್ತು. ಈಗಾಗಲೇ ಬಾಣಂತಿ, ಲಸಿಕೆ, ಕ್ಷಯ, ಡೆಂಗಿ ಎಂದು ಹತ್ತು ರಿಜಿಸ್ಟರು ಹೊತ್ತ ಅವರ ಹೆಗಲಿಗೆ ಹಲ್ಲನ್ನೂ ಹೊರಿಸುವುದು ಅನ್ಯಾಯ. ಫಾರಂಗೂ ತಜ್ಞರಿಗೂ ನಡುವೆ ಇರುವ ಆ ಖಾಲಿ ಜಾಗದಲ್ಲಿ ನಿಲ್ಲಬೇಕಾದವರು ಹೈಜೀನಿಸ್ಟ್.

ಆಕ್ಷೇಪ ಮೊದಲು ಬರುವುದು ದಂತ ವೈದ್ಯರಿಂದ, ಅದರಲ್ಲಿ ಹುರುಳೂ ಇದೆ. ಬಿಡಿಎಸ್ ಮುಗಿಸಿ ಕೆಲಸವಿಲ್ಲದೆ ಕೂತವರು, ಬೇರೆಯವರ ಕ್ಲಿನಿಕ್ಕಿನಲ್ಲಿ ಕನಿಷ್ಠ ಸಂಬಳಕ್ಕೆ ದುಡಿಯುವವರು ಊರೂರಲ್ಲಿ ಇದ್ದಾರೆ. ಐದು ವರ್ಷ ಓದಿದವರನ್ನು ಬಿಟ್ಟು ಎರಡು ವರ್ಷ ಓದಿದವರನ್ನು ಹಳ್ಳಿಗೆ ಕಳಿಸುವುದು ಯಾವ ನ್ಯಾಯ ಎಂದು ಅವರು ಕೇಳುತ್ತಾರೆ. ಹಳ್ಳಿಯವರಿಗೆ ಅರೆ ಡಾಕ್ಟರು ಸಾಕೇ ಎಂಬ ಚುಚ್ಚುಮಾತೂ ಅದರ ಜೊತೆಗಿದೆ. ಆದರೆ ಐದು ವರ್ಷದ ಓದು, ಅದರಲ್ಲೂ ಖಾಸಗಿ ಕಾಲೇಜಿನ ಶುಲ್ಕ ಕಟ್ಟಿದ ಓದು, ಮನುಷ್ಯನನ್ನು ರೂಟ್ ಕೆನಾಲ್, ಕ್ಯಾಪ್, ಇಂಪ್ಲಾಂಟ್ ಕಡೆಗೆ ತಳ್ಳುತ್ತದೆ. ಕೆಲಸಕ್ಕಿಷ್ಟು ಎಂದು ದುಡ್ಡು ಬರುವ ವ್ಯವಸ್ಥೆಯಲ್ಲಿ ಆಗದೇ ಹೋದ ಹುಳುಕಿಗೆ, ಬೀಳದೇ ಉಳಿದ ಹಲ್ಲಿಗೆ ಬಿಲ್ ಹಾಕಲು ಬರುವುದಿಲ್ಲ. ಬಿಡಿಎಸ್ ಪದವೀಧರರೇ ಈ ಸಂಬಳಕ್ಕೆ, ಈ ಕೆಲಸಕ್ಕೆ ಬರುವುದಾದರೆ ಒಳ್ಳೆಯದೇ, ಅವರಿಗೂ ಬಾಗಿಲು ತೆರೆದಿರಲಿ. ಬರುವವರೆಗೆ ಕುರ್ಚಿ ಖಾಲಿ ಇರಬೇಕು ಎಂಬ ವಾದ ಮಾತ್ರ ಒಪ್ಪುವಂಥದ್ದಲ್ಲ. ಅರೆ ಡಾಕ್ಟರು ಎಂಬ ಮಾತಿಗೆ ನರ್ಸುಗಳ ಚರಿತ್ರೆಯೇ ಉತ್ತರ. ಸಹಜ ಹೆರಿಗೆಯನ್ನು ಸಹಾಯಕ ನರ್ಸಾದ ಎಎನ್‌ಎಂ ಮಾಡಿಸಿದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ.

ಗಟ್ಟಿಯಾದ ತೊಡಕಿರುವುದು ಕಾನೂನಿನಲ್ಲಿ. ದಂತ ವೈದ್ಯರ ಮೇಲ್ವಿಚಾರಣೆ ಎಂದರೆ ಅದೇ ಕೋಣೆಯಲ್ಲಿ ವೈದ್ಯರು ಇರಬೇಕು ಎಂದು ಅರ್ಥಮಾಡಿದರೆ, ದಂತ ವೈದ್ಯರಿಲ್ಲದ ಊರಿಗೆ ಹೈಜೀನಿಸ್ಟೂ ಹೋಗಲಾರಳು. ಎಲ್ಲಿ ಆಕೆ ಹೆಚ್ಚು ಬೇಕೋ ಅಲ್ಲಿಗೇ ಆಕೆಗೆ ಪ್ರವೇಶವಿಲ್ಲ. ಬ್ರಿಟನ್ 2013ರ ಮೇ ತಿಂಗಳಿಂದ ಹೈಜೀನಿಸ್ಟರ ಬಳಿ ರೋಗಿಗಳು ನೇರವಾಗಿ ಹೋಗಬಹುದೆಂದು ನಿಯಮ ಸಡಿಲಿಸಿತು. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಎಂಬತ್ತರ ದಶಕದಿಂದಲೇ ಅವರು ಸ್ವತಂತ್ರವಾಗಿ ಕೆಲಸ ಮಾಡಬಲ್ಲರು. ಇಲ್ಲಿ 1948ರ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿದಾಗ ಈ ಬಗ್ಗೆ ಗಂಭೀರವಾಗಿ ಯೋಚಿಸುವ ಅವಕಾಶ ಒದಗಿತ್ತು. ಅದರಲ್ಲೂ ಅವರು ಸಹಾಯಕ ಸಿಬ್ಬಂದಿಯ ಸಾಲಿನಲ್ಲೇ ಉಳಿದರು. ಪೂರ್ತಿ ಸ್ವಾತಂತ್ರ್ಯ ಈಗಲೇ ಬೇಕೆಂದೇನಿಲ್ಲ. ದಾವಣಗೆರೆಯ ಕಾಲೇಜೊಂದರ ವಸಡು ವಿಭಾಗದ ತಜ್ಞರು ಫೋನಿನಲ್ಲಿ ಫೋಟೊ ನೋಡಿ ಸಲಹೆ ಕೊಟ್ಟು, ಹದಿನೈದು ದಿನಕ್ಕೊಮ್ಮೆ ಬಂದು ಕಷ್ಟದ ರೋಗಿಗಳನ್ನು ತಾವೇ ನೋಡಿದರೆ ಅದನ್ನೂ ಮೇಲ್ವಿಚಾರಣೆ ಎಂದು ನಿಯಮದಲ್ಲಿ ಬರೆದರೆ ಸಾಕು.

ಪಠ್ಯವೂ ಬದಲಾಗಬೇಕು. ಎಚ್‌ಬಿಎ1ಸಿ ವರದಿ ಓದಲು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಎಚ್ಚರ ವಹಿಸಲು, ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟವರಿಗೆ ಕಿಟ್ಟ ತೆಗೆಯುವ ಮೊದಲು ವೈದ್ಯರನ್ನು ಕೇಳಲು ಈ ಹೈಜೀನಿಸ್ಟ್ ಕಲಿತಿರಬೇಕು. ಹಾಸಿಗೆ ಹಿಡಿದ ವೃದ್ಧರ ಬಾಯಿ ಶುಚಿ ಮಾಡುವುದನ್ನು ಮನೆಯವರಿಗೆ ಕಲಿಸುವುದೂ ಆ ಕೆಲಸದ ಭಾಗ. ಜಪಾನಿನ ಹನ್ನೊಂದು ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದ ಅಧ್ಯಯನದಲ್ಲಿ, ಊಟದ ನಂತರ ಬಾಯಿ ಶುಚಿ ಮಾಡಿಸಿಕೊಂಡವರಲ್ಲಿ ನೂರಕ್ಕೆ 11 ಜನರಿಗೆ ನ್ಯುಮೋನಿಯಾ ಬಂದರೆ, ಉಳಿದವರಲ್ಲಿ 19 ಜನರಿಗೆ ಬಂತು. ಇದೇ ಜಿಲ್ಲೆಯ ಜಗಳೂರಿನ ಕಡೆ ಹೋದರೆ ಕಥೆ ಮತ್ತೆ ಬೇರೆ. ಅಲ್ಲಿ ಕೊಳವೆಬಾವಿಯ ಫ್ಲೋರೈಡಿನಿಂದ ಕಂದುಗಟ್ಟಿದ ಹಲ್ಲನ್ನು ಕೊಳೆ ಎಂದು ತಿಳಿದು ಇಟ್ಟಿಗೆಪುಡಿ, ಇದ್ದಿಲು ಹಾಕಿ ತಿಕ್ಕಿ ಸವೆಸಿಕೊಳ್ಳುವ ಮಕ್ಕಳಿಗೆ ಅದು ಕೊಳೆಯಲ್ಲ, ತಪ್ಪು ನೀರಿನದು ಎಂದು ಹೇಳುವವರು ಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ನಂಬಿಕೆ ಎಲ್ಲ ಹೋಬಳಿಯಲ್ಲೂ ಇದೆ. ಸಡಿಲವಾದ ಹಲ್ಲನ್ನು ಕಿಟ್ಟ ಹಿಡಿದು ನಿಲ್ಲಿಸಿತ್ತು, ಕಿಟ್ಟ ಹೋದಾಗ ಹಳೆಯ ಸಡಿಲ ಕಂಡಿತು ಎಂದು ವಿವರಿಸಲು ಹತ್ತು ನಿಮಿಷ ಹಿಡಿಯುತ್ತದೆ. ಆ ಹತ್ತು ನಿಮಿಷ ಕ್ಲಿನಿಕ್ಕಿನ ಡಾಕ್ಟರಿಗೆ ಇರುವುದಿಲ್ಲ.

ಖರ್ಚಿನ ಮಾತು ಬಂದಾಗ ಅಧಿಕಾರಿಗಳು ಮೊದಲು ತೋರಿಸುವುದು ದಂತ ಕುರ್ಚಿ, ಕಂಪ್ರೆಸರ್, ಅಲ್ಟ್ರಾಸೋನಿಕ್ ಯಂತ್ರದ ಬೆಲೆಪಟ್ಟಿ, ಆಮೇಲೆ ಹಳ್ಳಿಯ ಕರೆಂಟಿನ ಕಥೆ. ವಸಡಿನ ಸಂದಿ ಅಳೆಯಲು ಬೇಕಾದದ್ದು ಮಿಲಿಮೀಟರ್ ಗುರುತಿರುವ ಒಂದು ತೆಳು ಸಲಾಕೆ, ಕಿಟ್ಟ ತೆಗೆಯಲು ಕೈಯಲ್ಲಿ ಹಿಡಿಯುವ ನಾಲ್ಕೈದು ಬಗೆಯ ಉಕ್ಕಿನ ಸಲಕರಣೆ. ಕೈಯಿಂದ ಮಾಡಿದರೆ ಹೊತ್ತು ಹೆಚ್ಚು ಹಿಡಿಯುತ್ತದೆ, ಫಲ ಬಹುಮಟ್ಟಿಗೆ ಯಂತ್ರದಷ್ಟೇ. ಅವನ್ನು ಸೋಂಕುರಹಿತ ಮಾಡುವ ಆಟೊಕ್ಲೇವ್ ಹೆರಿಗೆ ಕೋಣೆಯಿರುವ ಯಾವ ಸರ್ಕಾರಿ ಆಸ್ಪತ್ರೆಯಲ್ಲೂ ಈಗಾಗಲೇ ಇರಬೇಕಾದ ವಸ್ತು. ಎನ್‌ಸಿಡಿ ಕ್ಲಿನಿಕ್ ನಡೆಯುವ ದಿನ ಸಕ್ಕರೆ ನೋಡುವ ಮೇಜಿನ ಪಕ್ಕದಲ್ಲಿ ಒಂದು ಕುರ್ಚಿ, ಒಂದು ದೀಪ, ಮಧುಮೇಹದ ಕಾರ್ಡಿನಲ್ಲಿ ವಸಡಿಗೆಂದು ಒಂದು ಅಂಕಣ, ಮೂರು ತಿಂಗಳ ಬಳಿಕ ಅದೇ ಕಾರ್ಡಿನ ಸಕ್ಕರೆಯ ಅಂಕಿಯೊಂದಿಗೆ ಅದನ್ನು ಹೋಲಿಸಿ ನೋಡುವ ಲೆಕ್ಕ, ಇಷ್ಟರಿಂದ ಮಾಯಕೊಂಡದಲ್ಲಿ ಒಂದು ವರ್ಷ ಪ್ರಯೋಗ ನಡೆಸಬಹುದು. ಫಲಿತಾಂಶವನ್ನು ಅಳೆಯುವ ತಜ್ಞರು ಒಂದು ತಾಸಿನ ದಾರಿಯಲ್ಲಿ, ಎರಡು ಕಾಲೇಜು ತುಂಬ ಇದ್ದಾರೆ.